ಕಾತ್ಯಾಯನಿಯ ಪಾಲು

ಯಾಜ್ಞವಲ್ಕ್ಯನು ಗೃಹಸ್ಥಾಶ್ರಮವನ್ನು ತೊರೆದು ಹೊರಡಲು ಸಿದ್ಧನಾಗಿ, ತನಗಿದ್ದ ಆಸ್ತಿಯನ್ನು ಇಬ್ಬರು ಹೆಂಡಿರಿಗೂ ಹಂಚಿಕೊಡುವೆನೆಂದು ಹೇಳುವ ಬೃಹದಾರಣ್ಯಕೋಪನಿಷತ್ತಿನ ಪ್ರಸಂಗವು ನಮ್ಮಲ್ಲಿ ಬಹು ಪ್ರಸಿದ್ಧವಾದುದು. ಧನಕನಕಗಳಿಂದ ತುಂಬಿದ ಸಮಸ್ತ ಭೂಮಂಡಲವೇ ತನ್ನದಾದರೂ ಅದರಿಂದ ಅಮೃತತ್ವವು ಲಭಿಸೀತೆ ಎಂದು ಮೈತ್ರೇಯಿ ಕೇಳಿದಳು. ಲಭಿಸದೆಂಬ ಉತ್ತರ ಬಂದ ಮೇಲೆ ಆ ಭೂಮಿಯನ್ನೂ ಸಂಪತ್ತನ್ನೂ ಬದಿಗಿರಿಸಿ ಆತ್ಮವಿದ್ಯೆಯನ್ನೇ ಬೇಡಿ ಪಡೆದಳು. ಸ್ತ್ರೀಯರ ಜ್ಞಾನಾಧಿಕಾರದ ಮಾತು ಬಂದಲ್ಲೆಲ್ಲ ನಮ್ಮ ಭಾಷಣಕಾರರು ಆಕೆಯ ಹೆಸರನ್ನೆತ್ತದೆ ಬಿಡುವುದಿಲ್ಲ. ಆಕೆಯ ಸವತಿಯಾದ ಕಾತ್ಯಾಯನಿಯನ್ನಾದರೋ ಕೇಳುವವರೇ ಇಲ್ಲ. ಹೆಂಗಸರಿಗೆ ಇರತಕ್ಕಷ್ಟು ತಿಳಿವಳಿಕೆ ಮಾತ್ರ ಆಕೆಗಿದ್ದಿತೆಂದು ಉಪನಿಷತ್ತು ಒಂದೇ ಮಾತಿನಲ್ಲಿ ಹೇಳಿ ಮುಂದೆ ಸಾಗುತ್ತದೆ. ಆಮೇಲೆ ಅವಳ ಸುದ್ದಿಯಿಲ್ಲ. ಅದೇ ಗ್ರಂಥದಲ್ಲಿ, ಜನಕನ ಸಭೆಯಲ್ಲಿ ವಾದವು ಆರಂಭವಾಗುವ ಮೊದಲೇ, ಕೊಂಬುಗಳಿಗೆ ಚಿನ್ನ ಕಟ್ಟಿದ ಸಾವಿರ ಹಸುಗಳನ್ನು ಮನೆಗೆ ಹೊಡೆದುಕೊಂಡು ಹೋಗುವಂತೆ ಯಾಜ್ಞವಲ್ಕ್ಯನು ಶಿಷ್ಯನಿಗೆ ಅಪ್ಪಣೆ ಕೊಟ್ಟ ಕಥೆಯೂ ಉಂಟಷ್ಟೆ. ಹಾಗೆ ಬಂದ ಸಾವಿರ ಹಸುಗಳ ಮೇವು ನೀರನ್ನು ಆ ಮನೆಯಲ್ಲಿ ಯಾರು ನೋಡಿಕೊಂಡರೆಂಬುದನ್ನು ಋಷಿಗಳು ಬರೆದಿಟ್ಟಿಲ್ಲ.

ನನಗೆ ಈಚೆಗೆ ಮೈತ್ರೇಯಿಗಿಂತ ಕಾತ್ಯಾಯನಿಯ ಚಿಂತೆಯೇ ಹೆಚ್ಚಾಗಿದೆ. ಊರ ಬಾವಿ ಯಾವ ಮಾಸದಲ್ಲಿ ತಳ ಕಾಣುವುದು, ಯಾವ ಬೀಜವನ್ನು ಬೂದಿಯಲ್ಲಿ ಬೆರೆಸಿ ಯಾವ ಗಡಿಗೆಯಲ್ಲಿಟ್ಟರೆ ಮುಂದಿನ ಬಿತ್ತನೆಯವರೆಗೆ ಹುಳು ಮುಟ್ಟದು, ಮಳೆ ಕೈಕೊಟ್ಟ ವರ್ಷ ಬೇಲಿಯ ಮೇಲಣ ಯಾವ ಕುಡಿ ಮಕ್ಕಳ ಹೊಟ್ಟೆಗೆ ಆಗುವುದು, ಯಾವ ಸೌದೆ ಹಸಿಯಾಗಿದ್ದರೂ ಹೊತ್ತಿಕೊಳ್ಳುವುದು ಎಂಬಿವೇ ಮೊದಲಾದ ಸಂಗತಿಗಳಲ್ಲದೆ ಮತ್ತಾವುದು ಆ ‘ಹೆಂಗಸರ ತಿಳಿವಳಿಕೆ’? ಋತುಗಳು ತಮ್ಮ ಕ್ರಮವನ್ನು ತಪ್ಪುತ್ತಿರುವ ಈ ಕಾಲದಲ್ಲಿ ಮನುಷ್ಯನು ಬದುಕಿ ಉಳಿಯಬೇಕಾದರೆ ಬೇಕಾಗುವ ವಿದ್ಯೆಯಲ್ಲಿ ಬಹುಭಾಗವು ಇಂಥದೇ ಆಗಿದೆ. ಹೀಗಿರಲು ಒಂದು ಪ್ರಶ್ನೆ ಏಳುತ್ತದೆ: ಈ ತಿಳಿವಳಿಕೆಗೂ ಇದನ್ನು ಹೊತ್ತವಳಿಗೂ ನಮ್ಮ ಧರ್ಮವು ಸಲ್ಲಿಸಬೇಕಾದುದು ಏನು? ಪೂಜೆಯೆ, ಪಾಲೆ?

2023ರ ಆಗಸ್ಟ್ ತಿಂಗಳು, 1901ರಿಂದ ಲೆಕ್ಕವಿಟ್ಟ ಆಗಸ್ಟುಗಳಲ್ಲೆಲ್ಲ ಈ ದೇಶಕ್ಕೆ ಅತ್ಯಂತ ಕಡಿಮೆ ಮಳೆ ತಂದ ಆಗಸ್ಟ್ ಆಗಿತ್ತು. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದುವು. ಬರವೆಂದರೆ ಪತ್ರಿಕೆಯಲ್ಲಿ ಬಿರುಕು ಬಿಟ್ಟ ಕೆರೆಯಂಗಳದ ಚಿತ್ರ. ಮನೆಯೊಳಗೆ ಅದು ಎರಡು ಕೊಡದ ಜಾಗದಲ್ಲಿ ಒಂದು ಕೊಡ, ಆ ಒಂದು ಕೊಡಕ್ಕೂ ಮೊದಲಿಗಿಂತ ದೂರದ ನಡಿಗೆ, ಗಂಡಸರು ಕೂಲಿಗೆಂದು ಬೆಂಗಳೂರಿನ ಬಸ್ಸು ಹತ್ತಿದ ಮೇಲೆ ದನಕರು, ಮುದುಕರು, ಒಣಗಿದ ಹೊಲ ಇವಿಷ್ಟನ್ನೂ ಒಬ್ಬಳೇ ನೋಡಿಕೊಳ್ಳತಕ್ಕ ಪರಿಸ್ಥಿತಿ. 1991ರ ಏಪ್ರಿಲ್ 29ರ ರಾತ್ರಿ ಬಾಂಗ್ಲಾದೇಶದ ಚಟ್ಟಗ್ರಾಮದ ಕರಾವಳಿಯನ್ನು ಹೊಡೆದ ಚಂಡಮಾರುತದಲ್ಲಿ ಸುಮಾರು 1,38,000 ಮಂದಿ ಸತ್ತರು. ಸತ್ತವರಲ್ಲಿ ಗಂಡಸರಿಗಿಂತ ಹೆಂಗಸರೇ ಬಹಳ ಹೆಚ್ಚು. ಎಚ್ಚರಿಕೆಯ ಸುದ್ದಿ ಸಂತೆ ಪೇಟೆಗಳಲ್ಲಿದ್ದ ಗಂಡಸರ ಕಿವಿಗೆ ಮೊದಲು ಬಿದ್ದಿತು. ಗಂಡನು ಮನೆಗೆ ಬಾರದೆ ಹೊಸಿಲು ದಾಟುವುದು ಸರಿಯಲ್ಲವೆಂದು ಹೆಂಡತಿ ಕಾದಳು. ಪರಪುರುಷರು ಕಿಕ್ಕಿರಿದ ಆಶ್ರಯಗೃಹಕ್ಕೆ ಹೋಗಲು ಸಂಕೋಚಪಟ್ಟಳು. ಹೊರಟಾಗ ಕಂಕುಳಲ್ಲಿ ಮಗುವಿತ್ತು, ಕಾಲಿಗೆ ಸೀರೆ ಸುತ್ತಿತ್ತು. ನೀರಿಗೆ ಲಿಂಗಭೇದವಿಲ್ಲವೆಂಬುದು ನಿಜ. ಭೇದವೆಲ್ಲ ನೀರು ಬರುವುದಕ್ಕೆ ಮೊದಲೇ ನೆಲದ ಮೇಲೆ ಏರ್ಪಟ್ಟಿತ್ತು.

ನಮ್ಮ ದಾರ್ಶನಿಕರು ಎರಡು ದೋಷಗಳನ್ನು ಬಹಳ ದೊಡ್ಡವೆಂದು ಎಣಿಸಿದ್ದರು. ಮಾಡಿದ ಕರ್ಮದ ಫಲವು ಮಾಡಿದವನಿಗೆ ತಟ್ಟದೆ ಹೋಗುವುದು ಕೃತಹಾನಿ. ಮಾಡದೆ ಇದ್ದ ಕರ್ಮದ ಫಲವು ಬಂದು ತಲೆಯ ಮೇಲೆ ಬೀಳುವುದು ಅಕೃತಾಭ್ಯಾಗಮ. ಪ್ರತಿವಾದಿಯ ಸಿದ್ಧಾಂತವನ್ನು ಒಪ್ಪಿದರೆ ಈ ಎರಡು ದೋಷಗಳು ಬರುವುವೆಂದು ತೋರಿಸಿಬಿಟ್ಟರೆ ಅವನ ವಾದ ಅಲ್ಲಿಗೇ ಮುಗಿದಂತೆ; ಬೌದ್ಧರ ಕ್ಷಣಿಕವಾದದ ಮೇಲೆ ಇತರರು ಎಸೆದ ಬಾಣಗಳಲ್ಲಿ ಇದು ಮುಖ್ಯವಾದುದು. ತರ್ಕದಲ್ಲಿ ನಾವು ಒಂದು ಕ್ಷಣವೂ ಸಹಿಸದಿದ್ದ ಈ ದೋಷವನ್ನು ಲೋಕವ್ಯವಹಾರದಲ್ಲಿ ಎಷ್ಟು ಸುಲಭವಾಗಿ ನುಂಗಿಕೊಂಡಿದ್ದೇವೆ! ಇಂಗಾಲಾಮ್ಲವು ವರ್ಷವೊಂದಕ್ಕೆ ಅಮೆರಿಕದವನೊಬ್ಬನ ಪಾಲಿಗೆ ಸುಮಾರು 14 ಟನ್ನುಗಳಾದರೆ ಭಾರತೀಯನ ಪಾಲಿಗೆ ಸರಾಸರಿ 2 ಟನ್ನುಗಳ ಸುಮಾರು. ಆ ಸರಾಸರಿಯಲ್ಲಿಯೂ ವಿಮಾನವನ್ನೇರುವ ನಗರವಾಸಿಯೂ ಕಟ್ಟಿಗೆ ಒಲೆಯ ಮುಂದೆ ಕುಳಿತವಳೂ ಒಂದೇ ಸಮನಾಗಿ ಎಣಿಸಲ್ಪಟ್ಟಿದ್ದಾರೆ. ಇದೆಲ್ಲ ಆಯಾ ಜೀವದ ಪೂರ್ವಜನ್ಮದ ಫಲವೆಂದು ಸಮಾಧಾನ ಹೇಳುವವರೂ ಉಂಟು. ಹೊಗೆಯ ಕೊಳವೆ ಕಣ್ಣೆದುರಿಗೆ ನಿಂತಿರುವಾಗ ಪೂರ್ವಜನ್ಮದವರೆಗೆ ಹೋಗುವ ಆವಶ್ಯಕತೆ ನನಗಂತೂ ತೋರದು.

ಈಗ ಪೂಜೆಯ ಮಾತಿಗೆ ಬರೋಣ. ಭೂಮಿಯನ್ನು ಹೆಣ್ಣೆಂದು ಬರಿಯ ಉಪಮೆಗಾಗಿ ಹೇಳಿ ಬಿಡದೆ, ಹೆಣ್ಣಿನ ದೇಹಧರ್ಮಗಳನ್ನೆಲ್ಲ ಅದಕ್ಕೆ ಆರೋಪಿಸಿ ವ್ರತಗಳನ್ನೇರ್ಪಡಿಸಿದ ನಾಡು ನಮ್ಮದು. ತುಳುನಾಡಿನಲ್ಲಿ ಮಕರಮಾಸದ ಕೊನೆಗೆ ಕೆಡ್ಡಸವೆಂಬ ಹಬ್ಬ ಬರುತ್ತದೆ. ಆಗ ಭೂದೇವಿ ರಜಸ್ವಲೆಯೆಂದು ಮೂರು ದಿನ ಯಾರೂ ನೇಗಿಲು ಹಿಡಿಯುವುದಿಲ್ಲ, ನೆಲ ಅಗೆಯುವುದಿಲ್ಲ. ಕೊನೆಯ ದಿನ ಮನೆಯ ಹೆಂಗಸರು ಅಂಗಳದ ಮಣ್ಣಿಗೆ ಎಣ್ಣೆ, ಅರಿಶಿನ ಕುಂಕುಮಗಳನ್ನಿಟ್ಟು ಅವಳಿಗೆ ಮೀಯುವ ಉಪಚಾರ ಮಾಡುತ್ತಾರೆ. ಮನೆಯೊಳಗಿನ ಹೆಣ್ಣಿಗೆ ಮುಟ್ಟೆಂಬುದು ಮೈಲಿಗೆಯಾದುದು ಭೂಮಿಯ ಪಾಲಿಗೆ ವಿಶ್ರಾಂತಿಯಾಯಿತೆಂಬುದನ್ನು ಇಲ್ಲಿ ಗಮನಿಸದೆ ಇರಲಾಗದು.

ಮಲೆನಾಡಿನಲ್ಲಿ ಆಶ್ವಯುಜದ ಹುಣ್ಣಿಮೆಗೆ ಭೂಮಿ ಹುಣ್ಣಿಮೆ. ಭತ್ತದ ಪೈರು ಹೊಡೆ ತುಂಬಿ ನಿಂತ ಕಾಲ. ಆದುದರಿಂದ ಅದು ಬಸುರಿಯಾದ ಭೂಮಿಗೆ ಬಯಕೆಯ ಊಟವಿಕ್ಕುವ ದಿನ. ದಿನಗಳ ಮೊದಲೇ ಬಿದಿರ ಬುಟ್ಟಿಗೆ ಸಗಣಿ ಕೆಮ್ಮಣ್ಣುಗಳನ್ನು ಸಾರಿಸಿ ಒಣಗಿಸಿ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ, ನಾರನ್ನು ಜಜ್ಜಿ ಮಾಡಿದ ಕುಂಚದಿಂದ, ಪೈರಿನ ಸಾಲು, ನೊಗ, ಏಣಿ, ಹಕ್ಕಿಗಳ ಚಿತ್ತಾರವನ್ನು ಬರೆಯುವವರು ಹೆಂಗಸರು. ಬೇಲಿ ಬದು ಕಾಡಂಚುಗಳಲ್ಲಿ ಅಲೆದು ಹಚ್ಚಂಬಲಿಗೆ ಬೇಕಾದ ಕುಡಿಗಳನ್ನು ಆರಿಸಿ ತರುವವರೂ ಅವರೇ. ನೂರೊಂದು ಬಗೆ ಇರಬೇಕೆಂದು ಹೇಳುವ ವಾಡಿಕೆ. ಹುಣ್ಣಿಮೆಯ ಮುನ್ನಾ ರಾತ್ರಿಯೆಲ್ಲ ಒಲೆ ಆರುವುದಿಲ್ಲ. ಬೆಳಗಿನ ಜಾವ ಸಿದ್ಧವಾದ ಎಡೆಯನ್ನು ಆ ಭೂಮಣ್ಣಿ ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು ಗದ್ದೆಗೆ ಹೋಗಿ, ಪೈರಿನ ಮೇಲೆ ಚರಗ ಚೆಲ್ಲುವವನು ಮಾತ್ರ ಬಹುಮಟ್ಟಿಗೆ ಮನೆಯ ಗಂಡಸು. ನೂರೊಂದು ಸೊಪ್ಪಿನ ಗುರುತು ಹಿಡಿಯುವ ಆ ರಾತ್ರಿಯ ವಿದ್ಯೆಯು ನನ್ನ ಕಣ್ಣಿಗೆ ಯಾವ ಕೃಷಿ ವಿಶ್ವವಿದ್ಯಾಲಯದ ಪ್ರಬಂಧಕ್ಕೂ ಕಡಿಮೆಯಾದುದಲ್ಲ. ಅಷ್ಟು ಬಗೆ ಸೊಪ್ಪು ಬೆಳೆಯುವ ಬೇಲಿ ಇರುವವರೆಗೆ ಬರಗಾಲದಲ್ಲಿಯೂ ಒಂದು ಮನೆ ಪೂರ್ತಿ ಉಪವಾಸ ಬೀಳದು. ಮುಂಗಾರು ತಡವಾಗಿ ನಾಟಿಯೂ ತಡವಾದ ವರ್ಷ ಒಂದು ವಿಚಿತ್ರ ಒದಗುತ್ತದೆ. ಹುಣ್ಣಿಮೆ ತಿಥಿಗೆ ಸರಿಯಾಗಿ ಬಂದು ನಿಲ್ಲುತ್ತದೆ, ಬುಟ್ಟಿ ಸಿದ್ಧವಾಗುತ್ತದೆ, ಪೈರಿಗೆ ಮಾತ್ರ ಇನ್ನೂ ಬಸುರು ನಿಂತಿರುವುದಿಲ್ಲ.

ಈ ಹಬ್ಬಗಳನ್ನು ಹಳಿಯುವ ಮನಸ್ಸು ನನಗಿಲ್ಲ. ವರ್ಷಕ್ಕೆ ಮೂರು ದಿನವಾದರೂ ನೆಲವನ್ನು ಅಗೆಯದೆ ಬಿಡಬೇಕೆಂದು ತಿಳಿದಿದ್ದ ಜನ, ಇರುಳೂ ಹಗಲೂ ಯಂತ್ರವಿಟ್ಟು ಬೆಟ್ಟವನ್ನು ಬಗೆಯುವ ಜನಕ್ಕಿಂತ ವಿವೇಕಿಗಳೆಂಬುದರಲ್ಲಿ ಸಂದೇಹವೇನು? ಆದರೆ ಮಾತೃಭಾವದ ಈ ಪೂಜೆಯಲ್ಲಿ ಒಂದು ಅಪಾಯ ಅಡಗಿದೆ. ಭೂಮಿಯ ಗುಣಗಳಲ್ಲಿ ನಾವು ಎಲ್ಲಕ್ಕಿಂತ ಮಿಗಿಲಾಗಿ ಹೊಗಳಿದುದು ಕ್ಷಮೆಯನ್ನು. ತುಳಿದರೂ ಅಗೆದರೂ ಸಹಿಸಿಕೊಂಡು ಅನ್ನವನ್ನೇ ಕೊಡುತ್ತಾಳೆಂದು. ಅದೇ ಉಸಿರಿನಲ್ಲಿ ಹೆಣ್ಣಿಗೆ ಭೂಮಿಯಂತೆ ಇರಬೇಕೆಂದು ಬುದ್ಧಿ ಹೇಳಿದೆವು. ಸಹನೆಯು ಮಹಾಗುಣವೇ ಸರಿ. ಆದರೆ ಯಾವ ಗುಣವನ್ನೇ ಆಗಲಿ, ಅದರಿಂದ ಲಾಭ ಪಡೆಯತಕ್ಕವನೇ ನಿಂತು ಉಪದೇಶಿಸಿದರೆ ಅದನ್ನು ಸ್ವಲ್ಪ ತಡೆದು ಪರೀಕ್ಷಿಸಬೇಕಾಗುತ್ತದೆ. ಸಹನೆಗೂ ಒಂದು ಮೇರೆಯುಂಟೆಂಬುದನ್ನು ರಾಮಾಯಣದ ಉತ್ತರಕಾಂಡವು ಮರೆಯಲಿಲ್ಲ. ನೇಗಿಲ ಸಾಲಿನಿಂದ ಬಂದವಳು, ಇನ್ನೊಮ್ಮೆ ಶಪಥ ಮಾಡಿ ಪಾತಿವ್ರತ್ಯವನ್ನು ತೋರಿಸೆಂದು ತುಂಬಿದ ಸಭೆಯಲ್ಲಿ ಕೇಳಿದಾಗ, ತಾಯಿಯನ್ನು ಕರೆದಳು, ನೆಲ ಬಿರಿಯಿತು, ಸಿಂಹಾಸನವೊಂದು ಮೇಲೆದ್ದು ಬಂದು ಆಕೆಯನ್ನು ಒಳಗೊಯ್ದಿತು. ರಾಮನು ಭೂಮಿಯ ಮೇಲೆ ಕೋಪಿಸಿಕೊಂಡು, ಮಗಳನ್ನು ಹಿಂದಕ್ಕೆ ಕೊಡದಿದ್ದರೆ ಬೆಟ್ಟ ಕಾಡುಗಳೊಡನೆ ಅವಳನ್ನು ನಾಶಮಾಡುವೆನೆಂದು ಗದರಿಸುತ್ತಾನೆ. ಭೂಮಿ ಉತ್ತರ ಕೊಡುವುದಿಲ್ಲ.

ಪೂಜೆಯ ಈ ಭಾವಕ್ಕೆ ಇಂದಿನ ವಿದ್ವಾಂಸರಲ್ಲಿಯೂ ಒಂದು ಹೊಸ ರೂಪ ಬಂದಿತು. ವಂದನಾ ಶಿವ ಅವರು 1988ರ ತಮ್ಮ ‘ಸ್ಟೇಯಿಂಗ್ ಅಲೈವ್’ ಗ್ರಂಥದಲ್ಲಿ ಪ್ರಕೃತಿಯೆಂಬ ನಮ್ಮ ಹಳೆಯ ತತ್ತ್ವವನ್ನೇ ಹಿಡಿದು, ಹೆಣ್ಣಿನ ಮತ್ತು ನಿಸರ್ಗದ ಮೇಲಣ ದಬ್ಬಾಳಿಕೆಗಳೆರಡೂ ಒಂದೇ ಬೇರಿನವೆಂದು ವಾದಿಸಿದರು. ಅರ್ಥಶಾಸ್ತ್ರಜ್ಞೆ ಬೀನಾ ಅಗರ್‌ವಾಲ್ ಅವರು 1992ರಲ್ಲಿ ಇದಕ್ಕೆ ಎದುರು ನಿಂತು, ಕಾಡಿಗೂ ಹಳ್ಳಿಯ ಹೆಣ್ಣಿಗೂ ಇರುವ ನಂಟು ಅವಳ ಹುಟ್ಟುಗುಣದಿಂದ ಬಂದುದಲ್ಲ, ಸೌದೆ ನೀರು ಮೇವುಗಳ ಕೆಲಸ ಅವಳ ಪಾಲಿಗೆ ಬಿದ್ದುದರಿಂದಲೂ ಆಸ್ತಿ ಅವಳ ಪಾಲಿಗೆ ಬಾರದೆ ಇದ್ದುದರಿಂದಲೂ ಬಂದುದೆಂದು ತೋರಿಸಿದರು. ನಾನು ಎರಡನೆಯ ಪಕ್ಷದವನು. ಈ ವಿಷಯದಲ್ಲಿ ಸಾಂಖ್ಯರೇ ನಮಗಿಂತ ಪ್ರಾಮಾಣಿಕರಾಗಿದ್ದರೆಂದು ನನಗೆ ಎಷ್ಟೋ ಸಲ ಅನ್ನಿಸಿದೆ: ಗುಣವತಿಯಾದ ಪ್ರಕೃತಿಯು ನಾನಾ ಉಪಾಯಗಳಿಂದ ಪುರುಷನಿಗೆ ಉಪಕಾರ ಮಾಡುತ್ತಲೇ ಇರುವಳೆಂದೂ, ಪುರುಷನು ಪ್ರತಿಯಾಗಿ ಏನನ್ನೂ ಮಾಡುವವನಲ್ಲವೆಂದೂ, ಅವಳಿಗೆ ಇದರಿಂದ ಸ್ವಂತದ ಪ್ರಯೋಜನ ಯಾವುದೂ ಇಲ್ಲವೆಂದೂ ಈಶ್ವರಕೃಷ್ಣನು ತನ್ನ ಕಾರಿಕೆಯಲ್ಲಿ ನಿರ್ಲಿಪ್ತನಾಗಿ ಹೇಳಿಬಿಟ್ಟಿದ್ದಾನೆ. ವಿಶ್ವರಹಸ್ಯವನ್ನು ವಿವರಿಸ ಹೊರಟವನು ಒಂದು ಸಾಮಾನ್ಯ ಗೃಹಸ್ಥನ ಮನೆಯ ದಿನಚರಿಯನ್ನೇ ಬರೆದಿಟ್ಟಂತಾಯಿತು.

ಹೆಣ್ಣು ನಿಸರ್ಗಕ್ಕೆ ಹತ್ತಿರ, ಬುದ್ಧಿಗೆ ದೂರವೆಂಬ ಭ್ರಾಂತಿಗೆ ಒಂದೇ ಉದಾಹರಣೆ ಸಾಕು. ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲಗಳನ್ನು ತುಂಬಿ, ಉಷ್ಣಮಾಪಕವನ್ನಿಟ್ಟು, ಬಿಸಿಲಿಗೆ ಹಿಡಿದು, ಇಂಗಾಲಾಮ್ಲವು ಉಳಿದವಕ್ಕಿಂತ ಹೆಚ್ಚು ಕಾಯುವುದೆಂದೂ, ವಾಯುಮಂಡಲದಲ್ಲಿ ಅದರ ಪ್ರಮಾಣ ಏರಿದರೆ ಭೂಮಿಯ ತಾಪವೂ ಏರಬೇಕೆಂದೂ ಮೊದಲು ಬರೆದವಳು ಅಮೆರಿಕದ ಯೂನಿಸ್ ಫೂಟ್. 1856ರಲ್ಲಿ ಆಲ್ಬನಿಯಲ್ಲಿ ನಡೆದ ವಿಜ್ಞಾನಿಗಳ ಸಭೆಯಲ್ಲಿ ಆಕೆಯ ಪ್ರಬಂಧವನ್ನು ಓದಿದವರು ಜೋಸೆಫ್ ಹೆನ್ರಿ. ಮೂರು ವರ್ಷಗಳ ಮೇಲೆ ಪ್ರಯೋಗ ಮಾಡಿದ ಜಾನ್ ಟಿಂಡಲನಿಗೆ ಕೀರ್ತಿಯೆಲ್ಲ ಸೇರಿ, ಫೂಟಳ ಹೆಸರು ನೂರೈವತ್ತು ವರ್ಷಗಳಷ್ಟು ಕಾಲ ಮರೆಯಾಯಿತು. ಆಕೆಯನ್ನು ಯಾರೂ ಭೂಮಿತಾಯಿಯೆಂದು ಪೂಜಿಸಲಿಲ್ಲ. ಆಕೆಗೆ ಬೇಕಾಗಿದ್ದುದೂ ಅದಲ್ಲ.

ನಮ್ಮ ನಾಡಿನಲ್ಲಿ ಪೂಜೆ ಧಾರಾಳವಾಗಿಯೇ ನಡೆಯಿತು. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು, ಹಾಲಕ್ಕಿ ಒಕ್ಕಲಿಗರ ಉಡುಗೆಯಲ್ಲಿ ಬರಿಗಾಲಿನಲ್ಲಿ ರಾಷ್ಟ್ರಪತಿಗಳ ಮುಂದೆ ನಡೆದುಹೋಗಿ ಪದ್ಮಶ್ರೀ ಸ್ವೀಕರಿಸಿದ ಚಿತ್ರವನ್ನು 2021ರಲ್ಲಿ ನೋಡದವರಿಲ್ಲ. ಕಾಡಿನಲ್ಲಿ ಒಂದೊಂದು ಜಾತಿಯ ತಾಯಿಮರವನ್ನೂ ಗುರುತಿಸಿ, ಅದರ ಬೀಜ ಮೊಳೆಯಲು ಪಕ್ವವಾಗುವ ಹೊತ್ತನ್ನು ಕಾದು, ಸಂಗ್ರಹಿಸಿ, ಸಸಿ ಮಾಡಿ ಬದುಕಿಸುವುದರಲ್ಲಿ ಅವರಿಗಿದ್ದ ನೈಪುಣ್ಯವು ಓದುಬರೆಹದಿಂದ ಬಂದುದಾಗಿರಲಿಲ್ಲ. ‘ಕಾಡಿನ ವಿಶ್ವಕೋಶ’ವೆಂದು ಪತ್ರಿಕೆಗಳು ಕೊಂಡಾಡಿದುವು. ಆ ವಿಶ್ವಕೋಶವು ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ಮೂವತ್ತಕ್ಕಿಂತ ಹೆಚ್ಚು ವರ್ಷ ದಿನಗೂಲಿಯ ಮೇಲೆ ದುಡಿದಿತ್ತೆಂಬುದು ಹೊಗಳಿಕೆಯ ಗದ್ದಲದಲ್ಲಿ ಕೇಳಿಸಲಿಲ್ಲ.

ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೂ ಕುದೂರಿಗೂ ನಡುವಣ ನಾಲ್ಕು ಕಿಲೋಮೀಟರ್ ದಾರಿಯಲ್ಲಿ 385 ಆಲದ ಗಿಡಗಳನ್ನು ನೆಟ್ಟು ಬೆಳೆಸಿದ ಸಾಲುಮರದ ತಿಮ್ಮಕ್ಕನವರ ವಿಷಯದಲ್ಲಿ ಇನ್ನೊಂದು ಬಗೆ. ಮಕ್ಕಳಿಲ್ಲದವಳು ಮರಗಳನ್ನೇ ಮಕ್ಕಳೆಂದು ಸಾಕಿದಳೆಂದು ನಾವು ಆ ಕಥೆಯನ್ನು ಕಟ್ಟಿಕೊಂಡೆವು. ಅವರೂ ಹಾಗೆ ಹೇಳಿಕೊಂಡುದುಂಟು, ಅದರಲ್ಲಿ ಸುಳ್ಳಿಲ್ಲ. ಆದರೆ ಗಂಡ ಚಿಕ್ಕಯ್ಯನೂ ಕೊಡ ಹೊತ್ತು ನೀರೆರೆದವರೇ. ಅವರನ್ನು ಮರಗಳ ತಂದೆಯೆಂದು ಕರೆದು ಸನ್ಮಾನಿಸಿದವರನ್ನು ನಾನು ಕಾಣೆ. ಗಂಡಸು ಗಿಡ ನೆಟ್ಟರೆ ಲೋಕೋಪಕಾರ, ಹೆಂಗಸು ನೆಟ್ಟರೆ ತಾಯ್ತನವೆಂಬ ಈ ವಿಭಾಗ ನಮಗೆ ಎಲ್ಲಿಂದ ಬಂದಿತೋ. 2019ರಲ್ಲಿ ರಸ್ತೆಯ ಅಗಲೀಕರಣಕ್ಕಾಗಿ ಆ ಮರಗಳಿಗೇ ಆಪತ್ತು ಬಂದಾಗ, ನೂರು ವರ್ಷ ದಾಟಿದ್ದ ಆ ವೃದ್ಧೆ ಮುಖ್ಯಮಂತ್ರಿಗಳಲ್ಲಿ ಮೊರೆಯಿಡಬೇಕಾಯಿತು. ಪೂಜೆಗೊಂಡವಳಿಗೆ ಮರಗಳ ಅಳಿವು ಉಳಿವುಗಳನ್ನು ನಿರ್ಣಯಿಸುವ ಅಧಿಕಾರವಿರಲಿಲ್ಲ. ಬೇಡುವ ಅಧಿಕಾರ ಮಾತ್ರ ಇತ್ತು.

ಇವರೊಂದಿಗೆ ಇನ್ನೊಂದು ಊರನ್ನೂ ನೆನೆಯಬೇಕು. ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ತೀರ್ಥವೆಂಬ ಮಳೆಯಾಶ್ರಯದ ಹಳ್ಳಿಯಲ್ಲಿ 2018ರಲ್ಲಿ ಕೆಲವು ಮಹಿಳೆಯರು ಬೀಬಿ ಫಾತಿಮಾ ಸ್ವಸಹಾಯ ಸಂಘವೆಂಬುದನ್ನು ಕಟ್ಟಿಕೊಂಡು, ದೇಸಿ ಬೀಜಗಳ ಸಂಗ್ರಹವನ್ನೂ ಸಿರಿಧಾನ್ಯಗಳ ಸಂಸ್ಕರಣ ಘಟಕವನ್ನೂ ನಡೆಸತೊಡಗಿದರು. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಅವರಿಗೆ ಬಂದಿತು. ಇಸ್ಲಾಮಿನಲ್ಲಿ ಭೂಮಿ ಪೂಜ್ಯಳಾದ ದೇವಿಯಲ್ಲ. ಅದು ಅಲ್ಲಾಹನ ಸೊತ್ತು, ಮನುಷ್ಯನ ಕೈಯಲ್ಲಿ ಇಟ್ಟ ಅಮಾನತ್ತು, ಒಪ್ಪಿಸುವ ದಿನ ಲೆಕ್ಕ ಕೇಳಲ್ಪಡುವುದು. ಚರಗ ಚೆಲ್ಲುವ ಮನೆಯ ಗೃಹಿಣಿಯೂ ಅಮಾನತ್ತೆಂದು ನಂಬಿದ ಈ ಹೆಂಗಸೂ ನವಣೆಯ ಬೀಜವನ್ನು ಕಾಪಾಡುವ ರೀತಿಯಲ್ಲಿ ವ್ಯತ್ಯಾಸವೇನೂ ಕಾಣದು. ಆದರೆ ಎರಡು ಭಾವನೆಗಳನ್ನು ತೂಗಿ ನೋಡಿದರೆ, ಲೆಕ್ಕ ಒಪ್ಪಿಸುವ ಭಾವನೆಯಲ್ಲಿ ಒಂದು ಅನುಕೂಲ ಉಂಟು. ತಾಯಿಯಾದವಳು ಕ್ಷಮಿಸಿಯಾಳೆಂಬ ಭರವಸೆಯ ಮೇಲೆ ನಾವು ಎಷ್ಟು ಅಪರಾಧವನ್ನಾದರೂ ಮಾಡುತ್ತೇವೆ. ಅಮಾನತ್ತಿಟ್ಟವನ ಮುಂದೆ ಆ ಸಲಿಗೆ ನಡೆಯದು.

ಸಿರಿಧಾನ್ಯದ ಮಾತಿನಲ್ಲಿ ಸಣ್ಣದೊಂದು ಸಂಗತಿಯನ್ನು ಹೇಳಿ ಮುಂದೆ ಹೋಗುವೆನು. 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ, ಕಡಿಮೆ ನೀರಿನಲ್ಲಿ ಬೆಳೆಯುವ ಈ ಧಾನ್ಯಗಳನ್ನು ನಮ್ಮ ಹಿರಿಯರು ಏಕೆ ಕೈಬಿಟ್ಟರೋ ಎಂದು ವೇದಿಕೆಯ ಮೇಲೆ ಮರುಗಿದವರು ಹಲವರು. ಪಡಿತರದ ಅಕ್ಕಿ ಒಂದು ಕಾರಣವೆಂಬುದು ಸರಿ. ಮತ್ತೊಂದು ಕಾರಣವನ್ನು ಒರಳು ಒನಕೆಗಳನ್ನು ಕೇಳಬೇಕು. ಸಾವೆ, ನವಣೆ, ಬರಗು, ಹಾರಕಗಳ ಕಾಳು ಸಣ್ಣದು, ಹೊಟ್ಟು ಗಟ್ಟಿ. ಹಾರಕಕ್ಕಂತೂ ಪದರದ ಮೇಲೆ ಪದರ. ಒಂದು ಮನೆಯ ಒಂದು ಹೊತ್ತಿನ ಅನ್ನಕ್ಕಾಗಿ ಕುಟ್ಟಿ, ಕೇರಿ, ಮತ್ತೆ ಕುಟ್ಟಿ ಮತ್ತೆ ಕೇರಬೇಕಾದ ರಟ್ಟೆಗಳು ಯಾರವು? ಅಕ್ಕಿ ಬಂದಾಗ ಆ ರಟ್ಟೆಗಳಿಗೆ ಬಿಡುವು ದೊರೆಯಿತು. ಈಗ ಹವಾಮಾನದ ಹಿತಕ್ಕಾಗಿ ಹಳೆಯ ಧಾನ್ಯಕ್ಕೆ ಹಿಂದಿರುಗಿರೆಂದು ಉಪದೇಶಿಸುವವರು ಹೊಟ್ಟು ಬಿಡಿಸುವ ಯಂತ್ರದ ಮಾತನ್ನು ಮೊದಲು ಆಡಬೇಕು. ತೀರ್ಥದ ಸಂಘದವರು ಬೀಜದೊಡನೆ ಯಂತ್ರವನ್ನೂ ತಂದರೆಂಬುದರಲ್ಲಿಯೇ ಅವರ ವಿವೇಕವು ನನಗೆ ಕಾಣುತ್ತದೆ.

ಇನ್ನು ಪಾಲಿನ ಮಾತು. ಜೈಮಿನಿಯ ಮೀಮಾಂಸಾಸೂತ್ರದ ಆರನೆಯ ಅಧ್ಯಾಯದಲ್ಲಿ, ಯಾಗ ಮಾಡುವ ಅಧಿಕಾರ ಹೆಂಗಸಿಗೆ ಉಂಟೆ ಇಲ್ಲವೆ ಎಂಬ ದೊಡ್ಡ ಚರ್ಚೆಯಿದೆ. ದ್ರವ್ಯವಿಲ್ಲದವರು ಯಾಗ ಮಾಡಲಾರರು. ಹೆಂಗಸಾದರೋ ತಾನೇ ಕ್ರಯವಿಕ್ರಯಕ್ಕೆ ಒಳಗಾಗುವವಳು, ಅವಳಿಗೆ ಸ್ವಂತ ದ್ರವ್ಯವೆಲ್ಲಿಯದು ಎಂಬುದು ಪೂರ್ವಪಕ್ಷದ ಒಂದು ವಾದ. ಜೈಮಿನಿ ಇದನ್ನು ತಳ್ಳಿಹಾಕುತ್ತಾನೆ: ಫಲದ ಬಯಕೆ ಅವಳಿಗೂ ಸಮಾನ, ದ್ರವ್ಯದ ಒಡೆತನವೂ ಅವಳಿಗೆ ಉಂಟು, ಆದುದರಿಂದ ಅಧಿಕಾರವೂ ಉಂಟು. ಆ ಅಧಿಕಾರವನ್ನು ಮುಂದೆ ಗಂಡನೊಡನೆ ಸೇರಿಸಿ ಕಟ್ಟಿಹಾಕಿದನೆಂಬುದು ಬೇರೆ ವಿಷಯ. ಆದರೂ ಒಂದು ಮಾತನ್ನು ಆ ಹಳೆಯ ಕರ್ಮಠರು ನಮಗಿಂತ ಚೆನ್ನಾಗಿ ಕಂಡಿದ್ದರು. ತನ್ನದಲ್ಲದ ದ್ರವ್ಯವನ್ನು ಯಾರೂ ದೇವರಿಗೆ ಕೊಡಲಾರರು. ಒಡೆತನವೆಂಬುದು ಧರ್ಮದ ಹೊರಗಿನ ಲೌಕಿಕ ವ್ಯವಹಾರವಾಗಿರದೆ ಧರ್ಮದ ಬಾಗಿಲಲ್ಲಿಯೇ ನಿಂತಿದೆ.

2015–16ರ ಕೃಷಿಗಣತಿಯಂತೆ ಭಾರತದ ಸಾಗುವಳಿ ಹಿಡುವಳಿಗಳಲ್ಲಿ ಹೆಂಗಸರ ಹೆಸರಿನಲ್ಲಿರುವುವು ನೂರಕ್ಕೆ ಹದಿನಾಲ್ಕರಷ್ಟು. ವಿಸ್ತೀರ್ಣದಲ್ಲಿ ಹನ್ನೆರಡಕ್ಕೂ ತುಸು ಕಡಿಮೆ. ಕಾನೂನಿನ ಕೊರತೆಯಿಂದ ಹೀಗಾಯಿತೆಂದು ಹೇಳುವಂತಿಲ್ಲ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮನಾದ ಹಕ್ಕನ್ನು ಕರ್ನಾಟಕವು 1994ರಲ್ಲಿಯೇ ಕೊಟ್ಟಿತು. 2005ರ ತಿದ್ದುಪಡಿಯಿಂದ ಅದು ದೇಶಕ್ಕೆಲ್ಲ ಬಂದಿತು. ಹವಾಮಾನಕ್ಕೂ ಇದಕ್ಕೂ ಏನು ಸಂಬಂಧವೆಂದು ಕೇಳುವವರು ಬರದ ವರ್ಷದಲ್ಲಿ ಒಂದು ಹಳ್ಳಿಗೆ ಹೋಗಿ ನೋಡಬಹುದು. ಬೆಳೆ ಪರಿಹಾರದ ಹಣ ಪಹಣಿಯಲ್ಲಿ ಹೆಸರಿದ್ದವನ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಬಾವಿ ತೋಡಿಸಬೇಕೆ, ಕೃಷಿಹೊಂಡ ಮಾಡಿಸಬೇಕೆ, ಬದುವಿನ ಮೇಲೆ ಹೊಂಗೆ ಬೇವು ನೆಡಬೇಕೆ, ಈ ಸಲ ಮೆಕ್ಕೆಜೋಳದ ಬದಲು ಸಾವೆ ಬಿತ್ತಬೇಕೆ ಎಂಬ ನಿರ್ಣಯಕ್ಕೆ ಸಾಲವೂ ಸಹಾಯಧನವೂ ಸಹಿಯೂ ಅವನವೇ. ಕಳೆ ಕೀಳುವ ಕೈಗಳು ಮಾತ್ರ ಅವಳವು. ಋತು ಕೆಟ್ಟಿತೆಂಬುದನ್ನು ಮೊದಲು ಕಂಡುಕೊಂಡ ಕಣ್ಣಿಗೂ ಅದಕ್ಕೆ ಪರಿಹಾರವನ್ನು ಕೈಗೊಳ್ಳುವ ಸಹಿಗೂ ಹೀಗೆ ಅಗಲಿಕೆಯುಂಟಾಗಿದೆ.

ಕಾನೂನು ಕೊಟ್ಟ ಹಕ್ಕು ಎಲ್ಲಿ ಸೋರಿಹೋಗುತ್ತದೆಂಬುದನ್ನು ಬಲ್ಲವರು ಬಲ್ಲರು. ತಂದೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಉಪನೋಂದಣಿ ಕಚೇರಿಗೆ ಕರೆದೊಯ್ಯುತ್ತಾರೆ. ಹಕ್ಕು ಬಿಡುಗಡೆ ಪತ್ರ ಮೊದಲೇ ಬರೆದು ಸಿದ್ಧವಾಗಿರುತ್ತದೆ. “ನಿನಗೇನಮ್ಮ ಕಡಿಮೆ ಮಾಡಿದ್ದೇವೆ, ತವರು ಯಾವತ್ತೂ ನಿನ್ನದೇ” ಎಂದು ದೊಡ್ಡಣ್ಣ ಹೇಳುತ್ತಾನೆ. ಅವನ ಮಾತು ಕಪಟವೆಂದು ನಾನು ಹೇಳಲಾರೆ, ಬಹುಶಃ ಹೃದಯದಿಂದಲೇ ಬಂದಿರುತ್ತದೆ. ಸಹಿ ಹಾಕದಿದ್ದರೆ ಗೌರಿ ಹಬ್ಬಕ್ಕೆ ಕರೆ ಬಾರದೆಂಬುದು ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿಬಿಟ್ಟು ಆಡದ ಮಾತು. ಅವಳು ಹೆಬ್ಬೆಟ್ಟನ್ನೋ ಸಹಿಯನ್ನೋ ಹಾಕುತ್ತಾಳೆ. ಮಧ್ಯಾಹ್ನ ತವರಿನಲ್ಲಿ ಹೋಳಿಗೆಯ ಊಟ. ಸಂಜೆ ಒಂದು ಸೀರೆ, ಕುಪ್ಪಸದ ಕಣ, ಅರಿಶಿನ ಕುಂಕುಮಗಳನ್ನು ಮಡಿಲಿಗೆ ತುಂಬಿಸಿಕೊಂಡು, ಗಂಡನ ಮನೆಯವರ ಹೊಲದಲ್ಲಿ ಕಳೆ ಕೀಳುವುದಕ್ಕೆ ಬಸ್ಸು ಹತ್ತುತ್ತಾಳೆ.